ಬಯಲಿನ ನಡುಗಡ್ಡೆ: ರಾಣೆಬೆನ್ನೂರಿನ ಕೃಷ್ಣಮೃಗ ಮತ್ತು ಪ್ರದೇಶನಿಷ್ಠ ಜೀವಿಗಳ ಪ್ರಶ್ನೆ

ಭೂಮಿಯ ಒಂದು ನಿರ್ದಿಷ್ಟ ಭಾಗದಲ್ಲಿ ಮಾತ್ರ ಸಹಜವಾಗಿ ನೆಲೆಸಿ ಮತ್ತೆಲ್ಲೂ ಕಾಣಸಿಗದ ಸಸ್ಯ ಅಥವಾ ಪ್ರಾಣಿಯನ್ನು ಪ್ರದೇಶನಿಷ್ಠ ಜೀವಿ ಎನ್ನಬಹುದು. ಇಂಥ ಜೀವಿಗಳ ಅಧ್ಯಯನ ಬಹುಮಟ್ಟಿಗೆ ಸಾಗರದ್ವೀಪಗಳನ್ನೇ ಆಧರಿಸಿ ಬೆಳೆದಿದೆ. ಅಂಡಮಾನ್ ಸಮುದ್ರದ ನಾರ್ಕೊಂಡಮ್ ದ್ವೀಪದ ವಿಸ್ತೀರ್ಣ 7 ಚದರ ಕಿ.ಮೀ.ಗೂ ಕಡಿಮೆ, ಆದರೂ ಅಲ್ಲಿನ ಮಂಗಟ್ಟೆ ಹಕ್ಕಿ ಜಗತ್ತಿನ ಬೇರಾವ ಮೂಲೆಯಲ್ಲೂ ಇಲ್ಲ. ಸುತ್ತಲಿನ ನೀರು ಮೂಲ ಸಂತತಿಯೊಡನೆ ಬೆರಕೆಯನ್ನು ತಡೆದು, ಅಸಂಖ್ಯ ತಲೆಮಾರುಗಳ ಕಾಲ ಒಂದು ಗುಂಪನ್ನು ಅದರಷ್ಟಕ್ಕೆ ಬಿಟ್ಟಾಗ ಹೊಸ ಪ್ರಭೇದ ರೂಪುಗೊಳ್ಳುತ್ತದೆ ಎಂಬುದು ಇದಕ್ಕೆ ಕೊಡುವ ಸಾಮಾನ್ಯ ವಿವರಣೆ. ರಾಬರ್ಟ್ ಮೆಕಾರ್ಥರ್ ಮತ್ತು ಎಡ್ವರ್ಡ್ ವಿಲ್ಸನ್ 1967ರಲ್ಲಿ ಮಂಡಿಸಿದ ದ್ವೀಪ ಜೀವಭೂಗೋಳ ಸಿದ್ಧಾಂತದ ಪ್ರಕಾರ, ದ್ವೀಪವೊಂದರ ಪ್ರಭೇದಗಳ ಸಂಖ್ಯೆಯು ಹೊರಗಿನಿಂದ ಬಂದು ಸೇರುವ ಮತ್ತು ಒಳಗೇ ಅಳಿದುಹೋಗುವ ಪ್ರಭೇದಗಳ ನಡುವಿನ ಸಮತೋಲವಾಗಿದ್ದು, ಅದನ್ನು ದ್ವೀಪದ ವಿಸ್ತೀರ್ಣ ಮತ್ತು ದೂರಗಳು ನಿರ್ಧರಿಸುತ್ತವೆ. ಮುಂದೆ ಇದೇ ಲೆಕ್ಕವನ್ನು ಹೊಲ, ಊರು, ಹೆದ್ದಾರಿಗಳ ನಡುವೆ ತುಂಡುತುಂಡಾಗಿ ಉಳಿದ ಕಾಡು ಮತ್ತು ಹುಲ್ಲುಗಾವಲುಗಳಿಗೂ ಅನ್ವಯಿಸಲಾಯಿತು.

ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯ ಈ ಎರಡನೆಯ ಬಗೆಯ ನಡುಗಡ್ಡೆ. 1974ರಲ್ಲಿ ಘೋಷಿತವಾದ, ಸುಮಾರು 119 ಚದರ ಕಿ.ಮೀ. ವ್ಯಾಪ್ತಿಯ ಈ ನೆಲಕ್ಕೆ ಗೋವಿನಜೋಳ ಮತ್ತು ಹತ್ತಿಯ ಹೊಲಗಳೇ ಕಡಲು. ಆದರೆ ದ್ವೀಪದ ಹೋಲಿಕೆಯನ್ನು ಇಲ್ಲಿಗೆ ಪೂರ್ತಿಯಾಗಿ ಹೊಂದಿಸಲು ಹೊರಟರೆ ಮುಖ್ಯ ಸಂಗತಿಯೇ ತಲೆಕೆಳಗಾಗುತ್ತದೆ. ನಾರ್ಕೊಂಡಮ್‌ನಲ್ಲಿ ಒಂಟಿತನ ಮೊದಲು ಬಂದು ಅದರಿಂದ ವಿಶಿಷ್ಟ ಜೀವಿ ಮೂಡಿತು. ರಾಣೆಬೆನ್ನೂರಿನಲ್ಲಿ ವಿಶಿಷ್ಟ ಜೀವಿ ಮೊದಲೇ ಇತ್ತು, ಒಂಟಿತನ ಅದರ ಮೇಲೆ ತೀರ ಈಚೆಗೆ ಬಂದೆರಗಿತು.

ಬಯಲುಸೀಮೆಯಲ್ಲಿ ಚಿಗರಿ ಎಂದು ಕರೆಯುವ ಕೃಷ್ಣಮೃಗವು ಭಾರತ ಉಪಖಂಡಕ್ಕೆ ಸೀಮಿತವಾದ ಪ್ರಾಣಿ, ಮತ್ತು ತನ್ನ ಕುಲದಲ್ಲಿ ಇಂದು ಬದುಕಿರುವ ಏಕೈಕ ಪ್ರಭೇದ. ಟೆಕ್ಸಾಸ್ ಮತ್ತು ಅರ್ಜೆಂಟೀನಾಗಳಲ್ಲಿ ಕಾಣುವ ಹಿಂಡುಗಳು ಮನುಷ್ಯರು ಒಯ್ದು ಬಿಟ್ಟವುಗಳ ಸಂತತಿ. ಬೆಳೆದ ಗಂಡಿಗೆ ಕಪ್ಪು ಮೈ, ತಿರುಚಿದ ಕೊಂಬು. ಹೆಣ್ಣು ಕಂದುಬಣ್ಣದ್ದು, ಸಾಮಾನ್ಯವಾಗಿ ಕೊಂಬಿಲ್ಲದ್ದು. ಅದರ ನಡವಳಿಕೆಯೆಲ್ಲ ಬಯಲಿಗೆ ಒಗ್ಗಿದೆ. ವೈರಿಯನ್ನು ದೂರದಿಂದಲೇ ಕಂಡು ಓಟದಿಂದ ಪಾರಾಗುವುದು, ಎಳೆಮರಿಯನ್ನು ಹುಲ್ಲಿನಲ್ಲಿ ಅಡಗಿಸಿಡುವುದು, ಬೆದೆಗಾಲದಲ್ಲಿ ಗಂಡುಗಳು ತೆರೆದ ಜಾಗದಲ್ಲಿ ತಂತಮ್ಮ ಅಂಕಣ ಹಿಡಿದು ನಿಲ್ಲುವುದು, ಇವೆಲ್ಲವೂ ಮರಗಳು ವಿರಳವಾಗಿರುವ ನೆಲದಲ್ಲಿ ಮಾತ್ರ ಸಾಧ್ಯ. ಬಿಸಿಲುನಾಡಿನ ಹುಲ್ಲುಗಳು ದಕ್ಷಿಣ ಏಷ್ಯಾದಲ್ಲಿ ಹರಡಿದ್ದು ಸುಮಾರು 70ರಿಂದ 80 ಲಕ್ಷ ವರ್ಷಗಳ ಹಿಂದೆ ಎಂಬುದಕ್ಕೆ ಶಿವಾಲಿಕ್ ಮಣ್ಣಿನ ಪದರಗಳಲ್ಲಿ ಸಾಕ್ಷ್ಯವಿದೆ. ಆದ್ದರಿಂದ ಹುಲ್ಲುಗಾವಲೆಂದರೆ ಕಡಿದ ಕಾಡಿನ ಅವಶೇಷವೆಂಬ ನಂಬಿಕೆ ನಿಲ್ಲುವಂಥದ್ದಲ್ಲ. ಕಂದಾಯ ದಫ್ತರದಲ್ಲಿ ಬಂಜರೆಂದೋ ಬೀಳೆಂದೋ ನಮೂದಾದ ನೆಲದ ಜೀವಚರಿತ್ರೆ ಆ ದಫ್ತರಕ್ಕಿಂತ ಬಹಳ ಹಳೆಯದು.

ಪ್ರಾಣಿಯೊಂದನ್ನು ದೇಶವೊಂದರ ಗುರುತಾಗಿ ಹಿಡಿಯುವ ಕಲ್ಪನೆ ಈ ನಾಡಿಗೆ ಹೊಸದಲ್ಲ. ಮನುಸ್ಮೃತಿಯೂ ಯಾಜ್ಞವಲ್ಕ್ಯಸ್ಮೃತಿಯೂ ಧರ್ಮಾಚರಣೆಗೆ ತಕ್ಕ ನೆಲವನ್ನು ಕೃಷ್ಣಮೃಗದ ಇರವಿನಿಂದ ಗುರುತಿಸುತ್ತವೆ. ಯಾಜ್ಞವಲ್ಕ್ಯಸ್ಮೃತಿಗೆ ವಿಜ್ಞಾನೇಶ್ವರ ಬರೆದ ಮಿತಾಕ್ಷರಾ ವ್ಯಾಖ್ಯಾನ ರಚಿತವಾದದ್ದು ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ. ಇಂದಿನ ಹಾವೇರಿ ಸೀಮೆಯೂ ಆತನ ಆಳ್ವಿಕೆಗೆ ಒಳಪಟ್ಟಿತ್ತು. ಆ ನಿಯಮದ ಉದ್ದೇಶ ಶುದ್ಧಾಶುದ್ಧಗಳ ಎಲ್ಲೆ ಹಾಕುವುದೇ ಹೊರತು ಪ್ರಾಣಿಶಾಸ್ತ್ರವಲ್ಲ ಎಂಬುದು ನಿಜ. ಆದರೂ ಈ ಮೃಗ ಎಲ್ಲೆಡೆಯೂ ಇರುವುದಿಲ್ಲ, ಅದಕ್ಕೆ ತನ್ನದೇ ಆದ ಸೀಮೆಯಿದೆ ಎಂಬ ಗಮನಿಕೆಯಿಲ್ಲದೆ ಅಂಥ ನಿಯಮ ಹುಟ್ಟಲಾರದು.

ಆ ಸೀಮೆ ಕುಗ್ಗಿದ ಬಗೆಯೇ ರಾಣೆಬೆನ್ನೂರಿನ ಚರಿತ್ರೆ. ಅಭಯಾರಣ್ಯವಾಗುವ ಮೊದಲೇ ಇಲ್ಲಿನ ಕುರುಚಲು ನೆಲದಲ್ಲಿ ನೀಲಗಿರಿ ನೆಡುತೋಪುಗಳು ಎದ್ದಿದ್ದವು. ನೀಲಗಿರಿಯ ಬಹುತೇಕ ಪ್ರಭೇದಗಳು ಆಸ್ಟ್ರೇಲಿಯಾ ಎಂಬ ದ್ವೀಪಖಂಡಕ್ಕೇ ಸೀಮಿತವಾಗಿದ್ದವುಗಳೆಂಬುದು ಇಲ್ಲಿ ಗಮನಾರ್ಹ. ಒಂದು ದ್ವೀಪದ ಪ್ರದೇಶನಿಷ್ಠ ಮರ ಮತ್ತೊಂದು ಸೀಮೆಯ ಪ್ರದೇಶನಿಷ್ಠ ಪ್ರಾಣಿಯ ನೆಲಕ್ಕೆ ಬಂದು ನಿಂತಿತು. ತೋಪು ಎಳೆಯದಾಗಿದ್ದಾಗ, ದನಕುರಿಗಳ ಮೇವಿಗೆ ತಡೆಯಿರುವುದರಿಂದ, ಸಸಿಗಳ ನಡುವೆ ಹುಲ್ಲು ಹುಲುಸಾಗಿ ಬೆಳೆದು ಚಿಗರಿಗೆ ಅನುಕೂಲವೇ ಆಗುತ್ತದೆ; ಮರಗಳ ನೆತ್ತಿ ಕೂಡಿಕೊಂಡು ನೆರಳು ದಟ್ಟವಾದಂತೆ ಹುಲ್ಲು ತೆಳುವಾಗಿ, ಹಿಂಡುಗಳು ಪಕ್ಕದ ಹೊಲಕ್ಕೆ ಇಳಿಯುತ್ತವೆ. ಬೆಳೆ ಕಳೆದುಕೊಂಡ ರೈತನಿಗೆ ಚಿಗರಿ ಕಂಟಕವಾಗಿ ಕಾಣುವುದು ಸಹಜ, ಆದರೆ ಆ ಕಂಟಕದ ಬೇರು ತೋಪಿನ ನೆರಳಿನಲ್ಲಿದೆ.

ನೀಲಗಿರಿಯ ಬೇಡಿಕೆಯ ಹಿಂದೆ ಕೈಗಾರಿಕೆಯೂ ಇತ್ತು. ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ ತುಂಗಭದ್ರೆಯ ದಡದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಗೆ ಮರವೇ ಕಚ್ಚಾವಸ್ತು. ಆ ಸಂಸ್ಥೆ ಮತ್ತು ರಾಜ್ಯ ಸರ್ಕಾರಗಳ ಜಂಟಿ ಕಂಪನಿಯಾಗಿ 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಸ್ಥಾಪನೆಯಾಗಿ, ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿಯನ್ನು ಅದರ ನೆಡುತೋಪಿಗೆ ಬಿಟ್ಟುಕೊಡುವ ಯೋಜನೆ ಬಂದಾಗ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಮತ್ತು ಹಳ್ಳಿಗರು ಅದನ್ನು ವಿರೋಧಿಸಿದರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ನಡೆದ 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹದಲ್ಲಿ ನೀಲಗಿರಿ ಸಸಿಗಳನ್ನು ಕಿತ್ತು, ಊರಿಗೆ ಉಪಯೋಗವಾಗುವ ಸಸಿಗಳನ್ನು ನೆಡಲಾಯಿತು. 1991ರ ಹೊತ್ತಿಗೆ ಕಂಪನಿಯೇ ಮುಚ್ಚಿತು. ಈ ಹೋರಾಟ ನಡೆದದ್ದು ಮೇವು, ಸೌದೆ ಮತ್ತು ಗಾಯರಾಣದ ಹಕ್ಕಿಗಾಗಿ, ವನ್ಯಜೀವಿಗಳಿಗಾಗಿ ಅಲ್ಲ. ಆದರೆ ದನಗಾಹಿಗೂ ಚಿಗರಿಗೂ ಬೇಕಾದದ್ದು ಒಂದೇ ಬಗೆಯ ತೆರೆದ ನೆಲ ಎಂಬುದನ್ನು ಸಂರಕ್ಷಣೆಯ ಬರಹಗಳು ಸಾಕಷ್ಟು ಗಮನಿಸಿಲ್ಲ.

ಪಕ್ಕದ ಬ್ಯಾಡಗಿಯ ಉದಾಹರಣೆ ಬೇರೆ ಜಾಡಿನದು. ಅಮೆರಿಕ ಖಂಡದ ಮೂಲದ ಮೆಣಸಿನಕಾಯಿ ಪೋರ್ಚುಗೀಸರ ವ್ಯಾಪಾರದ ಮೂಲಕ ಭಾರತಕ್ಕೆ ಬಂದು, ಈ ಸೀಮೆಯ ರೈತರು ತಲೆಮಾರುಗಳ ಕಾಲ ಬೀಜ ಆರಿಸಿದ್ದರಿಂದ, ಕಡುಗೆಂಪು ಬಣ್ಣ, ಸುಕ್ಕುಗಟ್ಟಿದ ಸಿಪ್ಪೆ, ಕಡಿಮೆ ಖಾರದ ತಳಿಯಾಗಿ ನೆಲೆಗೊಂಡು, 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆಯಿತು. ಇಲ್ಲಿ ಕಡಲಿನ ಕೆಲಸ ಮಾಡಿದ್ದು ರೈತರ ಕೈ. ಮೆಣಸಿನಗಿಡದಲ್ಲಿ ಪರಕೀಯ ಪರಾಗಸ್ಪರ್ಶ ಸುಲಭವಾಗಿ ನಡೆಯುವುದರಿಂದ, ಆ ಕೈ ಬೀಜವನ್ನು ಬೇರ್ಪಡಿಸಿ ಕಾಯದಿದ್ದರೆ ತಳಿ ಕೆಲವೇ ಹಂಗಾಮುಗಳಲ್ಲಿ ಕಲಬೆರಕೆಯಾಗುತ್ತದೆ. ತಳಿಗೆ ಬೇಲಿ ಬೇಕು. ಚಿಗರಿಗೆ ಬೇಲಿ ಆಪತ್ತು. ಹೊರಗಿನ ಹಿಂಡುಗಳೊಡನೆ ಸಂಪರ್ಕವಿಲ್ಲದ ಗುಂಪಿನಲ್ಲಿ ರಕ್ತಸಂಬಂಧಿಗಳ ಕೂಡಿಕೆ ಹೆಚ್ಚುತ್ತದೆ, ಒಂದೇ ರೋಗ ಅಥವಾ ಬರ ಇಡೀ ಹಿಂಡನ್ನು ಮುಟ್ಟಬಲ್ಲದು.

ಒಂಟಿತನ ಬಯಲಿನ ಜೀವಿಗೆ ಆಪತ್ತು ಎಂಬ ಮಾತಿಗೆ ಎರ್ಲಡ್ಡು ಎಂಬ ಹಕ್ಕಿ ಇನ್ನೂ ಕಠಿಣವಾದ ಪುರಾವೆ. ಉಪಖಂಡಕ್ಕೇ ಸೀಮಿತವಾದ, ಗಂಡು 15 ಕಿಲೋಗ್ರಾಂವರೆಗೂ ತೂಗಬಲ್ಲ ಈ ಹಕ್ಕಿ ಬರಿನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ; ಜಗತ್ತಿನಲ್ಲಿ ಉಳಿದಿರುವುದು ಸುಮಾರು 150 ಮಾತ್ರ ಎಂಬ ಅಂದಾಜಿದೆ. ರಾಣೆಬೆನ್ನೂರಿನ ಹಕ್ಕಿಗಳನ್ನು ಅಧ್ಯಯನ ಮಾಡಿದ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರು ಎರ್ಲಡ್ಡು ಇಲ್ಲಿದ್ದುದನ್ನು ದಾಖಲಿಸಿದ್ದಾರೆ. ಅಭಯಾರಣ್ಯದ ಎಲ್ಲೆ ಅಂದಿನಂತೆಯೇ ಇದೆ, ಹಕ್ಕಿ ಇಲ್ಲಿ ನೆಲೆಸಿಲ್ಲ. ಕರ್ನಾಟಕದಲ್ಲಿ ಅದು ಈಚಿನ ವರ್ಷಗಳಲ್ಲಿ ಕಂಡುಬಂದಿರುವುದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಸುತ್ತಲಿನ ಎರೆಹೊಲಗಳಲ್ಲಿ, ಉಳುವ ರೈತರ ನಡುವೆ.