ಇಶಾಪುರದ 2ಎ1 ರೈಫಲ್: ಠಸ್ಸೆ, ಆಮದು ಗುರುತು ಮತ್ತು ಬೆಲೆ

ಅಮೆರಿಕದಲ್ಲಿ ಹಳೆಯ ಸೈನಿಕ ಬಂದೂಕುಗಳನ್ನು ಸಂಗ್ರಹಿಸುವವರ ನಡುವೆ ಭಾರತದಲ್ಲಿ ತಯಾರಾದ ಒಂದು ಬೋಲ್ಟ್ ರೈಫಲ್ ದಶಕಗಳಿಂದ ಓಡಾಡುತ್ತಿದೆ. ಅದರ ಅಧಿಕೃತ ಹೆಸರು ‘ರೈಫಲ್ 7.62 ಎಂಎಂ 2ಎ1’. ಮಾರುವವರು ಇದನ್ನು ಹಲವು ಸಲ ‘.303 ಲೀ-ಎನ್‌ಫೀಲ್ಡನ್ನು ಬ್ಯಾರೆಲ್ ಬದಲಿಸಿ 7.62ಕ್ಕೆ ಮಾರ್ಪಡಿಸಿದ್ದು’ ಎಂದು ಪರಿಚಯಿಸುತ್ತಾರೆ. ಈ ಪರಿಚಯ ತಪ್ಪು. ಕೊಳ್ಳುವವರು ಅದನ್ನು ನಂಬಿದರೆ ಬೆಲೆ ಕಟ್ಟುವುದೂ ತಪ್ಪುತ್ತದೆ. ಮಾರಾಟಗಾರ ಹೇಳುವ ಕಥೆಯನ್ನು ಬದಿಗಿಟ್ಟು, ಉಕ್ಕಿನ ಮೇಲೆ ಮತ್ತು ಮರದಲ್ಲಿ ಓದಲು ಸಿಗುವುದನ್ನಷ್ಟೇ ಆಧಾರ ಮಾಡಿಕೊಂಡರೆ ಈ ರೈಫಲಿನ ಮೌಲ್ಯವನ್ನು ಎಷ್ಟರ ಮಟ್ಟಿಗೆ ನಿರ್ಧರಿಸಬಹುದು ಎಂಬುದು ಈ ಟಿಪ್ಪಣಿಯ ವಿಷಯ.

ಇಶಾಪುರ ಇರುವುದು ಕೊಲ್ಕತ್ತದ ಉತ್ತರಕ್ಕೆ, ಹೂಗ್ಲಿ ನದಿಯ ದಡದಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ಕಾಲದ ಮದ್ದಿನ ಕಾರ್ಖಾನೆ ಇದ್ದ ಜಾಗದಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ರೈಫಲ್ ಕಾರ್ಖಾನೆ ನೆಲೆಗೊಂಡಿತು. ನಮ್ಮ ಪೊಲೀಸರ ಹೆಗಲ ಮೇಲೆ ಬಹುಕಾಲ ಕಂಡ ‘ತ್ರೀ ನಾಟ್ ತ್ರೀ’ಗಳಲ್ಲಿ ಬಹಳಷ್ಟು ಅಲ್ಲಿಯವೇ. 1962ರ ಚೀನಾ ಯುದ್ಧದ ವೇಳೆಗೆ ಭಾರತೀಯ ಸೇನೆಯ ಕೈಯಲ್ಲಿ ಹೆಚ್ಚಾಗಿ ಇದ್ದದ್ದು ಆ .303. ಹೊಸ ಸ್ವಯಂಭರ್ತಿ ರೈಫಲ್ 7.62ರ ತೋಟಾ ಬಳಸುವಂಥದ್ದು, ಆದರೆ ಅದು ಬೇಕಾದಷ್ಟು ಸಂಖ್ಯೆಯಲ್ಲಿ ಕೈಸೇರಲು ಸಮಯ ಹಿಡಿಯುತ್ತಿತ್ತು. ಈ ನಡುಗಾಲಕ್ಕೆಂದು ಹಳೆಯ ಲೀ-ಎನ್‌ಫೀಲ್ಡ್ ನಂ. 1 ಮಾರ್ಕ್ 3ರ ಅಚ್ಚಿನಲ್ಲೇ, ಇನ್ನೂ ಗಟ್ಟಿಯಾದ ಉಕ್ಕಿನಿಂದ, 7.62ರ ಒತ್ತಡ ತಾಳುವಂತೆ ಹೊಸದಾಗಿಯೇ ತಯಾರಿಸಿದ ರೈಫಲ್ 2ಎ. 1960ರ ದಶಕದ ನಡುವಿನಲ್ಲಿ ಅದನ್ನು ತುಸು ತಿದ್ದಿ 2ಎ1 ಮಾಡಿದರು. ಸೇನೆಗಾಗಿಯೇ ರೂಪಿಸಿದ ಕಡೆಕಡೆಯ ಬೋಲ್ಟ್ ರೈಫಲುಗಳಲ್ಲಿ ಇದೂ ಒಂದು. ಸಂಗ್ರಾಹಕರ ಆಸಕ್ತಿಗೆ ಮುಖ್ಯ ಕಾರಣ ಇದೇ, ‘ಮಾರ್ಪಡಿಸಿದ .303’ ಎಂದು ಕರೆದ ಕೂಡಲೇ ಆ ಕಾರಣವೇ ಅಳಿಸಿಹೋಗುತ್ತದೆ.

ಗುರುತಿಸುವುದು ಕಷ್ಟವಲ್ಲ. ಹಿಂಬದಿಯ ಮರ ಉಕ್ಕಿಗೆ ಕೂಡುವಲ್ಲಿನ ಪಟ್ಟಿಯ ಬಲಬದಿಯಲ್ಲಿ ಅಶೋಕನ ಸಿಂಹ, ಆರ್‌ಎಫ್‌ಐ ಎಂಬ ಅಕ್ಷರಗಳು, ಮಾದರಿಯ ಹೆಸರು, ಇಸವಿ ಇರುತ್ತವೆ. ಬ್ರಿಟಿಷರ ಕಾಲದ ಇಶಾಪುರ ರೈಫಲುಗಳಲ್ಲಿ ಅದೇ ಜಾಗದಲ್ಲಿ ಕಿರೀಟ ಮತ್ತು ಜಿಆರ್‌ಐ ಇದ್ದವು. ಮ್ಯಾಗಝಿನ್ ಚೌಕಾಕಾರ, ಹನ್ನೆರಡು ತೋಟಾ ಹಿಡಿಯುತ್ತದೆ; .303ಯದು ಹತ್ತರದ್ದು, ಅದರ ತಳ ಓರೆ. ಹಿಂದಿನ ಗುರಿಪಟ್ಟಿ 2ಎಯಲ್ಲಿ 2000ದವರೆಗೆ ಗುರುತು ಮಾಡಿದ ಹಳೆಯದೇ; 2ಎ1ರಲ್ಲಿ 800ಕ್ಕೆ ನಿಲ್ಲುತ್ತದೆ. 2ಎ ಅಪರೂಪ. ಹಾಗಾಗಿ 2ಎ1ಕ್ಕೆ ಹಳೆಯ ಗುರಿಪಟ್ಟಿ ಕೂರಿಸಿ 2ಎ ಎಂದು ಮಾರುವ ಆಸೆ ಸಹಜವೇ. ಗುರಿಪಟ್ಟಿಯನ್ನು ಕಳಚಿ ಬೇರೆಯದು ಹಾಕಬಹುದು, ಪಟ್ಟಿಯ ಮೇಲಿನ ಠಸ್ಸೆಯನ್ನು ಅಷ್ಟು ಸುಲಭವಾಗಿ ಬದಲಿಸಲಾಗದು. ಎರಡೂ ಒಂದನ್ನೊಂದು ಒಪ್ಪದಿದ್ದಾಗ ಠಸ್ಸೆಯ ಮಾತನ್ನೇ ನಂಬಬೇಕು.

ಮರದ ಮುಂಭಾಗದಲ್ಲಿ, ಟ್ರಿಗರ್ ಕಾವಲಿನ ಮುಂದೆ, ಅಡ್ಡಲಾಗಿ ತೂರಿದ ಒಂದು ತಿರುಪು ಇರುತ್ತದೆ. ಸಂಗ್ರಾಹಕರು ಇದನ್ನು ‘ಇಶಾಪುರ ಸ್ಕ್ರೂ’ ಎಂದೇ ಕರೆಯುತ್ತಾರೆ. ಮರ ಸೀಳದಿರಲೆಂದು ಕಾರ್ಖಾನೆಯೇ ಹಾಕಿದ್ದಿದು. ಹೊಸಬರು ಇದನ್ನು ಯಾರೋ ಮಾಡಿದ ದುರಸ್ತಿ ಎಂದು ಭಾವಿಸಿ ಬೆಲೆ ಇಳಿಸಲು ಕೇಳುವುದುಂಟು. ಉಕ್ಕಿನ ಮೇಲಿನ ಕಪ್ಪು ಬಣ್ಣದ ಕಥೆ ಇದಕ್ಕೆ ತಿರುವುಮುರುವು. ಭಾರತದ ಆಯುಧಾಗಾರಗಳಲ್ಲಿ ದುರಸ್ತಿಯಾದ ರೈಫಲುಗಳ ಉಕ್ಕಿಗೆ ಕರಿಬಣ್ಣ ಬಳಿಯುತ್ತಿದ್ದರು. ಅದನ್ನು ಕೆರೆದು ಹೊಳಪು ಕೊಟ್ಟರೆ ಕಣ್ಣಿಗೆ ಚಂದ ಕಾಣುತ್ತದೆ, ಮಾರುವವನೂ ಹೆಚ್ಚು ಕೇಳುತ್ತಾನೆ. ನನ್ನ ಅಭಿಪ್ರಾಯದಲ್ಲಿ ಹಾಗೆ ಹೊಳೆಯುವ ರೈಫಲಿನ ಬೆಲೆ ಇಳಿಯಬೇಕು, ಏಕೆಂದರೆ ಬಣ್ಣದ ಜೊತೆಗೆ ಸಾಕ್ಷ್ಯವೂ ಹೋಗಿರುತ್ತದೆ.

ಆ ಸಾಕ್ಷ್ಯ ಎಂಥದ್ದು ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕು. ರೈಫಲಿನ ಕ್ರಮಸಂಖ್ಯೆ ರಿಸೀವರಿನ ಮೇಲಷ್ಟೇ ಅಲ್ಲ, ಬೋಲ್ಟಿನ ಹಿಡಿಯ ಬುಡ, ಮೂತಿಯ ಕವಚ, ಗುರಿಪಟ್ಟಿಯಂಥ ಕಡೆಗಳಲ್ಲೂ ಇರುತ್ತದೆ. ಎಲ್ಲವೂ ಒಂದೇ ಆಗಿದ್ದರೆ ಬೆಲೆ ಏರುತ್ತದೆ. ಅದರಲ್ಲೂ ಬೋಲ್ಟ್ ಮತ್ತು ರಿಸೀವರಿನ ಸಂಖ್ಯೆ ಹೊಂದುವುದು ಕೇವಲ ಶೋಕಿಯ ವಿಷಯವಲ್ಲ: ಬೋಲ್ಟಿನ ಲಗ್ಗುಗಳು ರಿಸೀವರಿನಲ್ಲಿ ಸರಿಯಾಗಿ ಕೂರಬೇಕು, ತೋಟಾದ ಹಿಂದಿನ ಸಂದು ಅಳತೆಯೊಳಗಿರಬೇಕು. ಆದರೆ ಸಂಖ್ಯೆ ಹೊಂದುವ ಹಾಗೆ ಮಾಡಲೂ ಬರುತ್ತದೆ. ಆಯುಧಾಗಾರದಲ್ಲೇ ಬೋಲ್ಟ್ ಬದಲಾಯಿಸಿ, ಹಳೆಯ ಸಂಖ್ಯೆಯನ್ನು ಹೊಡೆದುಹಾಕಿ ಹೊಸದನ್ನು ಒತ್ತುವುದು ಸೇನೆಯ ಮಾಮೂಲು ಪದ್ಧತಿ. ಮಾರಾಟಕ್ಕೆಂದು ಇತ್ತೀಚೆಗೆ ಒತ್ತಿದ ಸಂಖ್ಯೆ ಬೇರೆ ಮಾತು. ಒತ್ತಿದ ಅಂಕಿಯ ಕುಳಿಯೊಳಗೆ ಹಳೆಯ ಕರಿಬಣ್ಣ ಇಳಿದಿದ್ದರೆ ಆ ಸಂಖ್ಯೆ ಬಣ್ಣಕ್ಕಿಂತ ಹಿಂದಿನದು. ಕುಳಿಯ ಒಳಗೆ ಉಕ್ಕು ಬೆಳ್ಳಗೆ ಮಿನುಗಿದರೆ ಬಣ್ಣದ ನಂತರದ್ದು. ಬಣ್ಣವನ್ನು ಪೂರ್ತಿ ಕೆರೆದ ರೈಫಲಿನಲ್ಲಿ ಈ ಪರೀಕ್ಷೆ ನಡೆಸಲು ಸಾಧ್ಯವೇ ಇಲ್ಲ.

ಕಾಲಕ್ಕೂ ಲಿಪಿಗೂ ತಾಳೆಯಾಗದ್ದನ್ನು ಶಂಕಿಸುವ ಪರಿಪಾಠ ಕರ್ನಾಟಕದ ಶಾಸನ ಅಧ್ಯಯನಕ್ಕೆ ಹೊಸದಲ್ಲ. ಗಂಗರ ಅನೇಕ ತಾಮ್ರಪಟಗಳನ್ನು ಜೆ.ಎಫ್. ಫ್ಲೀಟ್ ಕೂಟಶಾಸನಗಳೆಂದರು, ಬಿ.ಎಲ್. ರೈಸ್ ಅದನ್ನು ಒಪ್ಪದೆ ವಾದ ಹೂಡಿದರು. ಬಂದೂಕುಗಳಲ್ಲಿ ಅದೇ ವಿಧಾನ ಇನ್ನೂ ನಿಖರವಾಗಿ ಕೆಲಸ ಮಾಡುತ್ತದೆ. ಪೇಶಾವರದ ದಕ್ಷಿಣಕ್ಕಿರುವ ದರ್ರಾ ಆದಮ್ ಖೇಲ್‌ನ ಕುಶಲಿಗಳು ತಲೆಮಾರುಗಳಿಂದ ಬ್ರಿಟಿಷ್ ರೈಫಲುಗಳ ನಕಲು ಮಾಡುತ್ತ ಬಂದಿದ್ದಾರೆ. ವಿಕ್ಟೋರಿಯಾ ರಾಣಿ ತೀರಿಕೊಂಡದ್ದು 1901ರ ಜನವರಿಯಲ್ಲಿ. ಅವಳ ವಿಆರ್ ಮುದ್ರೆಯ ಕೆಳಗೆ 1905 ಎಂದಿದ್ದರೆ ಮುಂದಿನ ಪರೀಕ್ಷೆಯ ಅಗತ್ಯವಿಲ್ಲ. ಇಂಗ್ಲಿಷ್ ‘ಎನ್’ ಅಕ್ಷರ ತಿರುಗಾಮುರುಗಾ ಬಿದ್ದಿರುವುದು ಇನ್ನೊಂದು ಚಿರಪರಿಚಿತ ಲಕ್ಷಣ. ಅಫ್ಘಾನಿಸ್ತಾನಕ್ಕೆ ಹೋಗಿದ್ದ ಪಾಶ್ಚಾತ್ಯ ಸೈನಿಕರು ಅಲ್ಲಿನ ಪೇಟೆಯಿಂದ ಇಂಥ ಎಷ್ಟೋ ಬಂದೂಕುಗಳನ್ನು ಅಸಲಿ ಎಂದು ನಂಬಿ ಮನೆಗೆ ಒಯ್ದರು.

ಇನ್ನು ಆಮದು ಗುರುತು. ಅಮೆರಿಕದ 1968ರ ಬಂದೂಕು ನಿಯಂತ್ರಣ ಕಾನೂನು ಹೆಚ್ಚುವರಿ ಸೈನಿಕ ಬಂದೂಕುಗಳ ಆಮದನ್ನು ತಡೆಯಿತು. 1984ರ ತಿದ್ದುಪಡಿಯಿಂದ ಸಂಗ್ರಾಹಕ ವಸ್ತುಗಳೆಂದು ಪರಿಗಣಿತವಾದವುಗಳಿಗೆ ಮತ್ತೆ ಬಾಗಿಲು ತೆರೆಯಿತು. ಆಮದುದಾರ ತನ್ನ ಹೆಸರು, ಊರು, ರಾಜ್ಯವನ್ನು ಬಂದೂಕಿನ ಮೇಲೆ ಕೊರೆಯಬೇಕು ಎಂಬ ನಿಯಮವಿದೆ. ಆ ಬರಹ ಕನಿಷ್ಠ 0.003 ಇಂಚು ಆಳವಿರಬೇಕೆಂದು 2002ರಿಂದ ಗೊತ್ತುಮಾಡಿದ್ದಾರೆ. ವರ್ಮಾಂಟಿನ ಸೇಂಟ್ ಆಲ್ಬನ್ಸ್‌ನ ಸೆಂಚುರಿ ಆರ್ಮ್ಸ್‌ನ ಗುರುತು ಇವುಗಳಲ್ಲಿ ಬಹಳ ಪರಿಚಿತವಾದದ್ದು. ಇಂಥ ಗುರುತು ಇಲ್ಲದ ರೈಫಲ್ 1968ಕ್ಕಿಂತ ಮೊದಲೇ ಬಂದದ್ದಿರಬಹುದು, ಅಥವಾ ಸೈನಿಕನೊಬ್ಬ ನೇರವಾಗಿ ತಂದದ್ದಿರಬಹುದು ಎಂಬ ಊಹೆಯ ಮೇಲೆ ಸಂಗ್ರಾಹಕರು ಅದಕ್ಕೆ ಹೆಚ್ಚು ಕೊಡುತ್ತಾರೆ. ಗುರುತು ಇದ್ದರೆ ಕಳೆಯುತ್ತಾರೆ.

ಎರಡನೆಯ ಮಹಾಯುದ್ಧದ ಜರ್ಮನ್ ರೈಫಲಿನ ವಿಷಯದಲ್ಲಿ ಈ ಲೆಕ್ಕಕ್ಕೆ ಅರ್ಥವಿದೆ. ಇಶಾಪುರದ ರೈಫಲಿಗೆ ಅದನ್ನೇ ಯಾಂತ್ರಿಕವಾಗಿ ಅನ್ವಯಿಸುವುದು ನನಗೆ ಸರಿ ಕಾಣುವುದಿಲ್ಲ. 2ಎ1 ಅಮೆರಿಕಕ್ಕೆ ವ್ಯಾಪಾರದ ಸರಕಾಗಿಯೇ ಹೋಯಿತು. ಯುದ್ಧದ ನೆನಪಿಗೆಂದು ಅದನ್ನು ಹೊತ್ತು ತಂದ ಅಮೆರಿಕನ್ ಸೈನಿಕ ಎಲ್ಲಿಂದ ಬರಬೇಕು? ಭಾರತದಲ್ಲಿ ಯಾವ ಘಟಕದಲ್ಲಿ, ಯಾರ ಕೈಯಲ್ಲಿ ಇತ್ತೆಂಬುದು ಸಾಮಾನ್ಯವಾಗಿ ತಿಳಿಯದ ಈ ರೈಫಲಿನ ಪಯಣದಲ್ಲಿ ಖಚಿತವಾಗಿ ಓದಲು ಸಿಗುವ ಒಂದೇ ನಿಲ್ದಾಣ ಆ ಆಮದು ಗುರುತು. ಅದು ಬ್ಯಾರೆಲಿನ ಅಡಿಯಲ್ಲಿ ಸಣ್ಣದಾಗಿದ್ದರೆ ಬೆಲೆಯಲ್ಲಿ ಏನನ್ನೂ ಕಳೆಯಬೇಕಿಲ್ಲ. ಮೂಲ ಠಸ್ಸೆಯನ್ನು ತುಳಿದು ದೊಡ್ಡಕ್ಷರದಲ್ಲಿ ಕೊರೆದಿದ್ದರೆ ಕಳೆಯಲಿ, ಅದೂ ಮೂಲ ಬರಹ ಕೆಟ್ಟಿತೆಂಬ ಕಾರಣಕ್ಕೆ.

ನಿಜವಾಗಿ ಬೆಲೆ ಕುಸಿಯುವುದು ಬೇರೆ ಕಡೆ. ಪಶ್ಚಿಮ ವರ್ಜೀನಿಯದ ಗಿಬ್ಸ್ ರೈಫಲ್ ಕಂಪನಿ 2ಎ1ಗಳ ಬ್ಯಾರೆಲ್ ಕತ್ತರಿಸಿ, ಮೂತಿಗೆ ಹೊಸ ತುಣುಕು ಸೇರಿಸಿ ಕಾರ್ಬೈನುಗಳನ್ನು ಮಾಡಿ ಮಾರಿತು. ಬೇಟೆಗೋ ಷೋಕಿಗೋ ಅವು ಸರಿ, ಸಂಗ್ರಾಹಕನ ಪಾಲಿಗೆ 2ಎ1 ಅಲ್ಲ. ಡಿಪಿ ಎಂದು ಗುರುತಿಸಿದವು ಕವಾಯತಿಗೆ ಮೀಸಲಾದವು, ಗುಂಡು ಹಾರಿಸಬಾರದ್ದು. ಅವುಗಳ ಭಾಗಗಳನ್ನು ಬಿಡಿಸಿ ಬೇರೆ ರೈಫಲಿಗೆ ಜೋಡಿಸಿದ್ದಾರೆಯೇ ಎಂದು ನೋಡಿಕೊಳ್ಳಬೇಕು.

ತೋಟಾದ ವಿಷಯದಲ್ಲಿ ಕೊಳ್ಳುವವರು ಕೇಳುವ ಮೊದಲ ಪ್ರಶ್ನೆ, ಅಂಗಡಿಯಲ್ಲಿ ಸಿಗುವ .308 ವಿಂಚೆಸ್ಟರನ್ನು ಇದರಲ್ಲಿ ಬಳಸಬಹುದೇ ಎಂಬುದು. ವಾದಿಸುವವರು .308ಕ್ಕೆ 62,000, ಸೈನಿಕ 7.62ಕ್ಕೆ 50,000 ಎಂಬ ಒತ್ತಡದ ಅಂಕಿಗಳನ್ನು ಎದುರೆದುರು ಇಡುತ್ತಾರೆ. ಮೊದಲನೆಯದು ವಿದ್ಯುತ್ ಸಂವೇದಕದ ಅಳತೆ, ಎರಡನೆಯದು ತಾಮ್ರದ ತುಂಡು ಎಷ್ಟು ಚಪ್ಪಟೆಯಾಯಿತು ಎಂಬುದರಿಂದ ಬಂದದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ‘ಕಾಲು ಭಾಗ ಹೆಚ್ಚು’ ಎನ್ನುವುದು ನಿಲ್ಲುವ ವಾದವಲ್ಲ. ಹಾಗೆಂದು ಅದೇ ಸುರಕ್ಷತೆಯ ಪ್ರಮಾಣಪತ್ರವೂ ಆಗದು. ಕಾರ್ಖಾನೆ ಇದನ್ನು ಸೈನಿಕ 7.62ಕ್ಕೆಂದು ಮಾಡಿತು. ಗುಂಡು ಹಾರಿಸುವ ಉದ್ದೇಶವಿದ್ದರೆ ನುರಿತ ಬಂದೂಕು ಕಸುಬುದಾರನಿಂದ ಹಿಂದಿನ ಸಂದಿನ ಅಳತೆ ತೆಗೆಸಿ, ಆ ಖರ್ಚನ್ನೂ ಬೆಲೆಗೆ ಸೇರಿಸಿಕೊಳ್ಳುವುದು ವಿವೇಕ.

ಐವತ್ತು ವರ್ಷ ತುಂಬಿದ, ಮೂಲ ರೂಪದಲ್ಲೇ ಉಳಿದ ಬಂದೂಕನ್ನು ಅಮೆರಿಕದ ನಿಯಮ ‘ಕ್ಯೂರಿಯೊ ಅಂಡ್ ರೆಲಿಕ್’ ವರ್ಗಕ್ಕೆ ಸೇರಿಸುತ್ತದೆ. ಸಂಗ್ರಾಹಕರ ಲೈಸೆನ್ಸ್ ಇದ್ದವರು ಅಂಥದ್ದನ್ನು ಬೇರೆ ರಾಜ್ಯದಿಂದಲೂ ನೇರವಾಗಿ ತರಿಸಿಕೊಳ್ಳಬಹುದು, ನಡುವೆ ಸ್ಥಳೀಯ ವ್ಯಾಪಾರಿ ಬೇಕಿಲ್ಲ. ವಯಸ್ಸಿನ ಲೆಕ್ಕದಲ್ಲಿ 1965ರ ಠಸ್ಸೆಯ 2ಎ1 ಈ ವರ್ಗಕ್ಕೆ ಬಂದದ್ದು 2015ರಲ್ಲಿ, 1974ರದ್ದು 2024ರಲ್ಲಿ. ಹೀಗೆ ಇಸವಿಯ ಠಸ್ಸೆ ಇಷ್ಟು ಕಾಲ ಬೆಲೆಯ ಮೇಲೂ ಪ್ರಭಾವ ಬೀರುವಂಥದ್ದಾಗಿತ್ತು. ಇನ್ನು ಮುಂದೆ ಆ ವ್ಯತ್ಯಾಸ ಬಹುಮಟ್ಟಿಗೆ ತಗ್ಗಬೇಕು.

ತಯಾರಾದ ದೇಶದಲ್ಲಿ ಮಾತ್ರ ಈ ರೈಫಲಿಗೆ ಮಾರುಕಟ್ಟೆಯಿಲ್ಲ. .303 ಅಥವಾ 7.62ರ ಸೈನಿಕ ತೋಟಾ ಹಾರಿಸಬಲ್ಲ ರೈಫಲುಗಳನ್ನು ಭಾರತದ ಆಯುಧ ನಿಯಮಗಳು ನಿರ್ಬಂಧಿತ ವರ್ಗದಲ್ಲಿ ಇಟ್ಟಿವೆ, ಸಾಮಾನ್ಯ ಲೈಸೆನ್ಸಿಗೆ ಅವು ಸಿಗುವುದಿಲ್ಲ. ಅದೇ ಲೀ-ಎನ್‌ಫೀಲ್ಡ್ ಯಂತ್ರಾಂಗದ ಮೇಲೆ ಆಯುಧ ಕಾರ್ಖಾನೆಗಳು ಮಾಡುವ .315 ಸ್ಪೋರ್ಟಿಂಗ್ ರೈಫಲ್ ಇಲ್ಲಿನ ನಾಗರಿಕರಿಗೆ ಉಳಿದ ದಾರಿ. ಅದರ ಬೆಲೆಯನ್ನು ಕಾರ್ಖಾನೆಯೇ ನಿಗದಿ ಮಾಡುತ್ತದೆ.