ಎರಡು ಪದರ, ಎರಡು ಸುಳಿ: ಹೆಟಾನ್ ಜೋಡಿಯ ವೇಗದ ಮಿತಿ

ಒಂದೇ ಪದರದ ನೀರಿನಲ್ಲಿ ಸಮಬಲದ, ಎದುರು ದಿಕ್ಕಿಗೆ ತಿರುಗುವ ಎರಡು ಬಿಂದುಸುಳಿಗಳಿದ್ದರೆ ಒಂದನ್ನೊಂದು ದೂಡುತ್ತ ಎರಡೂ ನೇರ ಗೆರೆಯಲ್ಲಿ ಸಾಗುತ್ತವೆ. ನಡುವಿನ ಅಂತರ ಅರ್ಧವಾದರೆ ವೇಗ ಇಮ್ಮಡಿ. ಹೆಲ್ಮ್‌ಹೋಲ್ಟ್ಸ್ 1858ರಲ್ಲಿ ಅಡಿಪಾಯ ಹಾಕಿ, ಕಿರ್ಕಾಫ್ 1876ರಲ್ಲಿ ಹ್ಯಾಮಿಲ್ಟನ್ ರೂಪಕ್ಕೆ ತಂದ ಸಿದ್ಧಾಂತದ ಮೊದಲ ಪಾಠವಿದು. ಕಡಲಿಗೆ ಇದು ಹಾಗೇ ಒಪ್ಪದು. ಅಲ್ಲಿ ಹಗುರಾದ ಬೆಚ್ಚನೆಯ ನೀರು ಮೇಲೆ, ಭಾರವಾದ ತಣ್ಣೀರು ಕೆಳಗೆ.

ಒಂದು ಸುಳಿ ಮೇಲ್ಪದರದಲ್ಲಿ, ಇನ್ನೊಂದು ಕೆಳಪದರದಲ್ಲಿ ಇದ್ದರೆ? 1985ರಲ್ಲಿ ಹಾಗ್ ಮತ್ತು ಸ್ಟೊಮ್ಮೆಲ್ ಇಂಥ ಜೋಡಿಗೆ ‘ಹೆಟಾನ್’ ಎಂದು ಹೆಸರಿಟ್ಟರು. ಕಣಭೌತಶಾಸ್ತ್ರದ ಗಾಳಿ ಸೋಕಿದ ಹೆಸರಾದರೂ ಹೊಂದುತ್ತದೆ, ಅದರಲ್ಲಿ ‘ಹೀಟ್’ ಅಂದರೆ ಶಾಖ ಅಡಗಿದೆ: ಮೇಲಿನದು ಪ್ರತಿಚಂಡಮಾರುತದಂತೆ, ಕೆಳಗಿನದು ಚಂಡಮಾರುತದಂತೆ ತಿರುಗಿದರೆ ಪದರಗಳ ನಡುವಿನ ಗಡಿ ಕೆಳಗೆ ಬಾಗಿ ಬಿಸಿನೀರಿನ ಪದರ ದಪ್ಪವಾಗುತ್ತದೆ. ಜೋಡಿ ಹೊರಟಲ್ಲಿಗೆ ಆ ಶಾಖವೂ ಹೊರಡುತ್ತದೆ.

ಪದರಗಳು ಸಮದಪ್ಪ ಎಂದಿಟ್ಟುಕೊಳ್ಳೋಣ. ಸುಳಿಯ ಹರಿವಿನ ಫಲನವನ್ನು (ಅದರ ಇಳಿಜಾರೇ ವೇಗ) ಎರಡು ಪಾಲು ಮಾಡಬಹುದು. ಎರಡೂ ಪದರ ಒಟ್ಟಾಗಿ ಚಲಿಸುವ ಪಾಲು ಲಾಗರಿದಮ್‌ನಂತೆ ದೂರದವರೆಗೆ ಚಾಚುತ್ತದೆ. ಪದರಗಳ ವ್ಯತ್ಯಾಸದ ಪಾಲು ಮಾರ್ಪಡಿಸಿದ ಬೆಸೆಲ್ ಫಲನದಂತೆ, ರಾಸ್ಬಿ ತ್ರಿಜ್ಯ ದಾಟಿದ ಮೇಲೆ ಬೇಗ ಸೊರಗುತ್ತದೆ; ಪದರಗಳ ಗಡಿಯಲ್ಲಿ ಸಾಗುವ ಒಳಅಲೆಯ ವೇಗವನ್ನು ಆ ಅಕ್ಷಾಂಶದ ಕೊರಿಯೊಲಿಸ್ ಗುಣಕದಿಂದ (ಭೂಭ್ರಮಣದ ಪರಿಣಾಮದ ಅಳತೆ) ಭಾಗಿಸಿದರೆ ಸಿಗುವ ಉದ್ದವೇ ಈ ತ್ರಿಜ್ಯ. ಸ್ವಂತ ಪದರದಲ್ಲಿ ಇವು ಕೂಡುತ್ತವೆ, ಪರಪದರದಲ್ಲಿ ಕಳೆಯುತ್ತವೆ. ಹಾಗಾಗಿ ರಾಸ್ಬಿ ತ್ರಿಜ್ಯವನ್ನೇ ಅಳತೆಗೋಲಾಗಿಸಿ ಅಂತರವನ್ನು ‘ಅ’ ಎಂದು ಬರೆದರೆ, ಜೋಡಿಯ ವೇಗ 1/ಅ − ಕೆ1(ಅ) ಎಂಬ ಬೆಲೆಗೆ ಅನುಪಾತದಲ್ಲಿರುತ್ತದೆ; 1/ಅ ಲಾಗರಿದಮ್ ಪಾಲಿನ ಇಳಿಜಾರು, ಕೆ1 ಬೆಸೆಲ್ ಪಾಲಿನದು.

ಲೆಕ್ಕ ಹಾಕಿ ನೋಡೋಣ. ಅ = 0.5 ಆದಾಗ ಬೆಲೆ 0.344, 1ಕ್ಕೆ 0.398, 1.1ಕ್ಕೆ 0.399, 2ಕ್ಕೆ 0.360, 3ಕ್ಕೆ 0.293. ಅ ಸೊನ್ನೆಯತ್ತ ಹೋದಾಗ ಎರಡೂ ಪದಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಒಂದರ ಮೇಲೊಂದು ನೆಟ್ಟಗೆ ಕೂತ ಸುಳಿಗಳು ಕದಲುವುದೇ ಇಲ್ಲ! ಗರಿಷ್ಠ ವೇಗ ಸಿಗುವುದು ಅ 1.1ರ ಆಸುಪಾಸಿನಲ್ಲಿದ್ದಾಗ. ಬಹುದೂರದಲ್ಲಿ ಹಳೆಯ ನಿಯಮವೇ ಮರಳುತ್ತದೆ, ಆದರೆ ಏಕಪದರದ ಅರ್ಧ ವೇಗದಲ್ಲಿ. ಗರಿಷ್ಠಕ್ಕಿಂತ ಕಡಿಮೆಯಾದ ಪ್ರತಿ ವೇಗಕ್ಕೂ ಎರಡು ಅಂತರಗಳು ಸಿಗುತ್ತವೆ ಎಂಬುದನ್ನೂ ಗಮನಿಸಬೇಕು.

ಎಲ್ಲ ಸುಳಿಗಳನ್ನೂ ಒಟ್ಟಿಗೆ ಸರಿಸಿದರೂ ತಿರುಗಿಸಿದರೂ ನಿಯಮ ಬದಲಾಗದೆಂಬ ಸಮಮಿತಿ ಪದರ ಬಂದರೂ ಕೆಡುವುದಿಲ್ಲ. ಹಾಗಾಗಿ ಮೂರು ಸುಳಿಗಳ ಸಮಸ್ಯೆ ಇಲ್ಲಿಯೂ ಸಂರಕ್ಷಿತ ರಾಶಿಗಳಿಂದಲೇ ಬಿಡಿಸಬಲ್ಲದ್ದು. ಎರಡು ಹೆಟಾನ್ ಎದುರಾದರೆ ಸುಳಿಗಳು ನಾಲ್ಕು. ಕೆಲವು ವಿಶೇಷ ಸಂದರ್ಭಗಳನ್ನು ಬಿಟ್ಟರೆ ಅಲ್ಲಿಂದಾಚೆ ಗೊಂದಲದ ರಾಜ್ಯ.

ಕಾರವಾರದ ಅಕ್ಷಾಂಶದಲ್ಲಿ ಒಳಅಲೆಯ ವೇಗ ಸೆಕೆಂಡಿಗೆ 2.5 ಮೀಟರ್ ಎಂದು ಹಿಡಿದರೆ ರಾಸ್ಬಿ ತ್ರಿಜ್ಯ ಸುಮಾರು 67 ಕಿ.ಮೀ., ಗರಿಷ್ಠ ವೇಗದ ಅಂತರ ಸುಮಾರು 74 ಕಿ.ಮೀ. ಇದನ್ನು ಅರಬ್ಬೀ ಸಮುದ್ರದ ಭವಿಷ್ಯವಾಣಿ ಎಂದು ಯಾರೂ ಓದಬಾರದು. ಸಮಭಾಜಕ ಹತ್ತಿರವಾದಂತೆ ಭೂಗೋಲದ ಬಾಗು ಸುಳಿಗಳನ್ನು ಪಶ್ಚಿಮಕ್ಕೆ ಹೆಚ್ಚು ಹೆಚ್ಚು ಎಳೆಯುತ್ತದೆ. ನಿಜವಾದ ಪದರಗಳೂ ಸಮದಪ್ಪವಲ್ಲ. ಆದರೂ ಸೊನ್ನೆ ಅಂತರದಲ್ಲಿ ಸೊನ್ನೆ ವೇಗ ಎಂಬುದು ಸಮದಪ್ಪದ ಊಹೆಯನ್ನು ನೆಚ್ಚಿಕೊಂಡ ಫಲಿತಾಂಶವಲ್ಲ.

ಕಡಲಲ್ಲಿ ಜೋಡಿಯ ಅಂತರವನ್ನು ಅಳೆಯುವುದು ಹೇಗೆ? ಉಪಗ್ರಹ ಅಳೆಯುವುದು ಸಮುದ್ರದ ಮೇಲ್ಮೈಯ ಎತ್ತರವನ್ನು. ಕೆಳಗಿನ ಸುಳಿ ಎಷ್ಟು ಪಕ್ಕಕ್ಕೆ ಸರಿದಿದೆ ಎಂದು ತಿಳಿಯಲು 2000 ಮೀಟರ್‌ವರೆಗೆ ಇಳಿಯುವ ಆರ್ಗೋ ತೇಲುಯಂತ್ರಗಳಂಥ ಆಳದ ಅಳತೆಯೇ ಬೇಕು.