ಎಸ್‌ಪ್ಲನೇಡ್ ಮ್ಯಾನ್ಶನ್: ಕಬ್ಬಿಣ ಮತ್ತು ಬಾಡಿಗೆಯ ಚರಿತ್ರೆ

ಮುಂಬಯಿಯ ಕಾಲಾ ಘೋಡಾದಲ್ಲಿರುವ ಎಸ್‌ಪ್ಲನೇಡ್ ಮ್ಯಾನ್ಶನ್ನಿನ ಪ್ರಸ್ತಾಪ ಬಂದೊಡನೆ ಜನರು ಒಂದು ಕಥೆಯನ್ನು ಹೇಳುವುದುಂಟು. ಇದು ವಾಟ್ಸನ್ನನ ಹೋಟೆಲಾಗಿದ್ದಾಗ ಜಮ್‌ಶೇಟ್‌ಜಿ ತಾತಾ ಅವರಿಗೆ ಇಲ್ಲಿ ಪ್ರವೇಶ ದೊರೆಯಲಿಲ್ಲವೆಂದೂ, ಆ ಅವಮಾನದಿಂದಲೇ 1903ರಲ್ಲಿ ತಾಜ್ ಮಹಲ್ ಹೋಟೆಲು ಎದ್ದಿತೆಂದೂ ಆ ಕಥೆ. ಕೇಳಲು ಸೊಗಸಾಗಿದೆ; ಹಲವು ಇತಿಹಾಸಕಾರರು ಮಾತ್ರ ಇದನ್ನು ದಂತಕಥೆಯೆಂದೇ ಎಣಿಸುತ್ತಾರೆ. ಈ ಕಟ್ಟಡದ ನಿಜವಾದ ಚರಿತ್ರೆಯನ್ನು ಕಬ್ಬಿಣದಲ್ಲಿಯೂ ಬಾಡಿಗೆಯ ಲೆಕ್ಕದಲ್ಲಿಯೂ ಹುಡುಕಬೇಕು.

1860ರ ದಶಕದಲ್ಲಿ, ಗವರ್ನರ್ ಬಾರ್ಟಲ್ ಫ್ರಿಯರನ ಆಡಳಿತದಲ್ಲಿ, ಮುಂಬಯಿಯ ಕೋಟೆಗೋಡೆಗಳನ್ನು ಕೆಡಹಿ ನಿವೇಶನಗಳನ್ನು ಹರಾಜು ಹಾಕಲಾಯಿತು. ಜವಳಿ ವ್ಯಾಪಾರಿಯಾದ ಜಾನ್ ವಾಟ್ಸನ್ ಎಸ್‌ಪ್ಲನೇಡಿನಲ್ಲಿ ಜಾಗ ಹಿಡಿದನು. ನೆಲದ ಗುತ್ತಿಗೆ 1867ರ ಆಗಸ್ಟ್ 26ರಂದು 999 ವರ್ಷಗಳಿಗೆ ಆಯಿತು. ವಾರ್ಷಿಕ ಬಾಡಿಗೆ 92 ರೂಪಾಯಿ 12 ಆಣೆ! ಕಟ್ಟಡದ ವಿನ್ಯಾಸಕಾರನು ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ರೈಲು ನಿಲ್ದಾಣದ ಕೆಲಸದಲ್ಲಿಯೂ ಪಾಲ್ಗೊಂಡಿದ್ದ ಇಂಜಿನಿಯರ್ ರೋಲಂಡ್ ಮೇಸನ್ ಆರ್ಡಿಷ್. ಕಂಬಗಳನ್ನೂ ತೊಲೆಗಳನ್ನೂ ಇಂಗ್ಲೆಂಡಿನಲ್ಲಿ ಎರಕಹೊಯ್ದು, ಹಡಗಿನಲ್ಲಿ ತಂದು, ಇಲ್ಲಿ ಜೋಡಿಸಿದರು. ಇಲ್ಲಿ ಭಾರವನ್ನು ಹೊರುವುದು ಗೋಡೆಯಲ್ಲ, ಕಬ್ಬಿಣದ ಚೌಕಟ್ಟು. ಇಟ್ಟಿಗೆಯು ಕೇವಲ ಮರೆ. ಕಲ್ಲು ಮತ್ತು ಗಾರೆಯನ್ನೇ ನಂಬಿದ್ದ ನಗರಕ್ಕೆ ಇದು ಹೊಸ ಪಾಠವಾಗಿತ್ತು.

1871ರಲ್ಲಿ ತೆರೆದ ಹೋಟೆಲು ಯುರೋಪಿಯನ್ನರಿಗೇ ಮೀಸಲಾಗಿತ್ತು. 1896ರಲ್ಲಿ ಮಾರ್ಕ್ ಟ್ವೇನ್ ಇಲ್ಲಿ ತಂಗಿದನು. ಅದೇ ವರ್ಷದ ಜುಲೈ 7ರಂದು ಲ್ಯೂಮಿಯೇ ಸಹೋದರರ ಆರು ಚಿತ್ರಗಳು ಇಲ್ಲಿ ಪ್ರದರ್ಶಿತವಾದವು. ಟಿಕೇಟಿಗೆ ಒಂದು ರೂಪಾಯಿ. ಭಾರತದಲ್ಲಿ ಚಲಚ್ಚಿತ್ರದ ಆರಂಭವನ್ನು ಆ ದಿನದಿಂದಲೇ ಎಣಿಸುತ್ತಾರೆ.

ಹೋಟೆಲಿನ ವೈಭವ ಇಳಿದ ಮೇಲೆ ಕೋಣೆಗಳು ವಿಭಜನೆಗೊಂಡು ಸಂಸಾರಗಳಿಗೂ ಕಚೇರಿಗಳಿಗೂ ಬಾಡಿಗೆಗೆ ಹೋದವು. ನ್ಯಾಯಾಲಯಗಳು ಸಮೀಪದಲ್ಲಿದ್ದುದರಿಂದ ವಕೀಲರು ಬಹುಸಂಖ್ಯೆಯಲ್ಲಿ ನೆಲಸಿದರು. ಕಬ್ಬಿಣದ ಹಗುರವಾದ ಚೌಕಟ್ಟಿನ ಮೇಲೆ ಅಡ್ಡಗೋಡೆ, ಅಟ್ಟ, ನೀರಿನ ನಲ್ಲಿ ಎಲ್ಲವೂ ಏರಿದವು.

ಇತ್ತ 1947ರ ಬಾಡಿಗೆ ನಿಯಂತ್ರಣ ಕಾಯಿದೆಯು ಹಳೆಯ ಮನೆಗಳ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ಯುದ್ಧಾನಂತರದ ದುಬಾರಿಯಲ್ಲಿ ಬಡ ಬಾಡಿಗೆದಾರನಿಗೆ ಇದರಿಂದ ದೊರೆತ ರಕ್ಷಣೆ ಅಲ್ಪವೇನಲ್ಲ. ಆದರೆ ತಾತ್ಕಾಲಿಕವಾಗಿರಬೇಕಾದ ಕಟ್ಟು ದಶಕಗಳವರೆಗೆ ಉಳಿಯಿತು; ಬಂದ ಬಾಡಿಗೆಯು ದುರಸ್ತಿಗೆ ಸಾಲದಾಯಿತು. ಮಾಲಿಕನು ಕೈಬಿಟ್ಟನು, ಪಗಡಿ ತೆತ್ತು ಬಂದ ಬಾಡಿಗೆದಾರನು, ಒಡೆತನ ತನ್ನದಲ್ಲದ ಕಟ್ಟಡಕ್ಕೆ ಹಣ ಸುರಿಯಲು ಏಕೆ ಮುಂದಾಗಬೇಕು? 1969ರ ಕಾಯಿದೆಯಂತೆ ಸರಕಾರವು ಉಪಕರ ವಿಧಿಸಿ ದುರಸ್ತಿಯ ಹೊಣೆಯನ್ನು ಒಂದು ಮಂಡಳಿಗೆ ವಹಿಸಿತು. 1999ರ ಬಾಡಿಗೆ ಕಾಯಿದೆಯು ವರ್ಷಕ್ಕೆ ಶೇಕಡಾ 4ರ ಏರಿಕೆಗೆ ಅವಕಾಶವಿತ್ತಿತು. ಅಷ್ಟರಲ್ಲಿ ತುಕ್ಕು ತನ್ನ ಬಡ್ಡಿಯನ್ನು ಬೆಳೆಸಿಕೊಂಡಿತ್ತು. ದೋಷವು ಆರ್ಡಿಷನ ಲೋಹದ್ದಲ್ಲ. ಅದನ್ನು ಕಾಪಾಡುವ ಖರ್ಚು ಯಾರ ಖಾತೆಗೂ ಬೀಳದಿದ್ದುದೇ ಮೂಲ ಕಾರಣ.

ನಗರದ ಪರಂಪರೆಯ ಪಟ್ಟಿಯಲ್ಲಿ ಎರಡನೆಯ-ಎ ಶ್ರೇಣಿ ಪಡೆದಿದ್ದರೂ ಸ್ಥಿತಿ ಸುಧಾರಿಸಲಿಲ್ಲ. 2005ರಲ್ಲಿ ಮೊಗಸಾಲೆಯ ಒಂದು ಭಾಗ ಕುಸಿದು ಒಬ್ಬನು ಸತ್ತನು. ಅದೇ ವರ್ಷ ವಿಶ್ವ ಸ್ಮಾರಕ ನಿಧಿಯು ಅಪಾಯದಲ್ಲಿರುವ ನೂರು ಸ್ಮಾರಕಗಳಲ್ಲಿ ಇದನ್ನೂ ಸೇರಿಸಿತು. 2019ರಲ್ಲಿ ಬಾಡಿಗೆದಾರರೆಲ್ಲರೂ ಹೊರನಡೆಯಬೇಕಾಯಿತು. ಕೆಡಹುವುದೇ ಲೇಸೆಂದು ಮುಂಬಯಿ ಐ.ಐ.ಟಿ.ಯ ವರದಿ ಹೇಳಿತು. ಉಳಿಸುವುದು ಸಾಧ್ಯವೆಂದು ಸಂರಕ್ಷಣಾ ತಜ್ಞರು ವಾದಿಸಿದರು. ಈ ವಿವಾದ ಮುಂಬಯಿ ಹೈಕೋರ್ಟಿನ ಮುಂದೆ ಬಂದಿತು.